ಮೌಂಟ್ ರೋಡಿನ ಒಂದು ಮಳಿಗೆ: ಕೈ ಬದಲಾದ ಕಟ್ಟಡದ ಕಥೆ

ಚರಿತ್ರೆ ಎಂದೊಡನೆ ನಮ್ಮ ವಿದ್ಯಾರ್ಥಿಗಳಿಗೆ ನೆನಪಾಗುವುದು ಕೋಟೆ, ಅರಮನೆ ಮತ್ತು ಯುದ್ಧಗಳು. ಪೇಟೆ ಬೀದಿಯ ಹಳೆಯ ಅಂಗಡಿ ಕಟ್ಟಡಕ್ಕೂ ಒಂದು ಚರಿತ್ರೆ ಇರುತ್ತದೆ ಎಂಬುದು ನಮಗೆ ಹೊಳೆಯುವುದಿಲ್ಲ. ಅದನ್ನು ಯಾರು ಕಟ್ಟಿಸಿದರು, ಯಾರಿಂದ ಯಾರ ಕೈಗೆ ಹೋಯಿತು, ಒಳಗೆ ಯಾವ ಯಾವ ವ್ಯಾಪಾರ ನಡೆಯಿತು ಎಂದು ಹುಡುಕುತ್ತ ಹೋದರೆ ಒಂದು ದೇಶದ ಆರ್ಥಿಕ ಇತಿಹಾಸವೇ ಕಣ್ಣ ಮುಂದೆ ತೆರೆದುಕೊಳ್ಳುತ್ತದೆ. ಇದಕ್ಕೆ ಉತ್ತಮ ಉದಾಹರಣೆ ಚೆನ್ನೈಯ ಅಣ್ಣಾ ಸಾಲೈಯಲ್ಲಿ, ಅಂದರೆ ಹಿಂದಿನ ಮೌಂಟ್ ರೋಡಿನಲ್ಲಿರುವ ‘ಭಾರತ್ ಇನ್ಶೂರೆನ್ಸ್ ಕಟ್ಟಡ’. ದಕ್ಷಿಣ ಕನ್ನಡ ಜಿಲ್ಲೆ 1956ರವರೆಗೆ ಮದರಾಸಿನ ಆಡಳಿತದಲ್ಲೇ ಇತ್ತು. ಹಾಗಾಗಿ ಈ ಬೀದಿ ನಮ್ಮ ಹಿರಿಯರಿಗೆ ತೀರಾ ಪರಕೀಯವಾಗಿರಲಿಲ್ಲ.

ಈ ಕಟ್ಟಡದ ಮೊದಲ ಹೆಸರು ‘ಕಾರ್ಡಿಲ್ ಬಿಲ್ಡಿಂಗ್’. ಡಬ್ಲ್ಯು. ಇ. ಸ್ಮಿತ್ ಎಂಬ ಇಂಗ್ಲಿಷ್ ಔಷಧ ವ್ಯಾಪಾರಿ ತನ್ನ ಕಂಪನಿಗಾಗಿ 1897ರಲ್ಲಿ ಇದನ್ನು ಕಟ್ಟಿಸಿದ. ಔಷಧಿ ಮತ್ತು ಶಸ್ತ್ರಚಿಕಿತ್ಸೆಯ ಉಪಕರಣಗಳು ಅವನ ಮುಖ್ಯ ಸರಕು. ನಕ್ಷೆ ಸಿದ್ಧಪಡಿಸಿದವರು ಜೆ. ಎಚ್. ಸ್ಟೀಫನ್ಸ್. ನೆಲ ಅಂತಸ್ತಿನಲ್ಲಿ ವಿಶಾಲವಾದ ಮಾರಾಟದ ಹಜಾರ, ಮೇಲೆ ವಾಸದ ಕೋಣೆಗಳು. ನೋಡಿದವರು ಬೆರಗಾಗುವುದು ಅದರ ಹೊರರೂಪಕ್ಕೆ. ಕಮಾನುಗಳು, ಗುಮ್ಮಟಗಳು, ಮಿನಾರಿನಂತಹ ಎತ್ತರದ ಗೋಪುರಗಳು! ಔಷಧದ ಅಂಗಡಿಗೆ ಮಿನಾರು ಏಕೆ ಎಂದು ಯಾರಾದರೂ ಕೇಳಬಹುದು. ಆ ಕಾಲದಲ್ಲಿ ಇಂಡೋ-ಸಾರಸೆನಿಕ್ ಶೈಲಿ ಮದರಾಸಿನಲ್ಲಿ ಪ್ರತಿಷ್ಠೆಯ ಗುರುತಾಗಿತ್ತು. ಆರ್ಕಾಟಿನ ನವಾಬ ಮುಹಮ್ಮದಲಿ ವಾಲಾಜಾಹ್ 1768ರಲ್ಲಿ ಕಟ್ಟಿಸಿದ ಚೆಪಾಕ್ ಅರಮನೆ ಆ ಶೈಲಿಯ ಆರಂಭದ ಕಟ್ಟಡಗಳಲ್ಲಿ ಒಂದು. ನವಾಬರ ಅರಮನೆಯ ಚೆಲುವು ಒಂದು ಶತಮಾನ ಕಳೆದ ಮೇಲೆ ಆಂಗ್ಲ ವರ್ತಕನ ಮಳಿಗೆಗೆ ಇಳಿದು ಬಂದಿತ್ತು.

ವ್ಯಾಪಾರದಲ್ಲಿ ದೊಡ್ಡದು ಚಿಕ್ಕದನ್ನು ನುಂಗುವುದು ಹೊಸದೇನಲ್ಲ. ಅದೇ ಬೀದಿಯ ಸ್ಪೆನ್ಸರ್ ಕಂಪನಿ ಸ್ಮಿತ್‌ನ ವ್ಯಾಪಾರವನ್ನು ಕೊಂಡುಕೊಂಡಿತು. 1934ರಲ್ಲಿ ಕಟ್ಟಡವು ಭಾರತ್ ಇನ್ಶೂರೆನ್ಸ್ ಕಂಪನಿಯ ಪಾಲಾಯಿತು. ಔಷಧಿ ಮಾರುತ್ತಿದ್ದ ಮಳಿಗೆ ವಿಮಾ ಕಂಪನಿಯ ಆಸ್ತಿಯಾಯಿತು, ಹೆಸರೂ ಬದಲಾಯಿತು.

ಈ ಕಂಪನಿಯ ಮೂಲ ದೂರದ ಲಾಹೋರಿನಲ್ಲಿತ್ತು. ಲಾಲಾ ಹರಕಿಶನ್ ಲಾಲ್ ಇದನ್ನು 1896ರಲ್ಲಿ ಸ್ಥಾಪಿಸಿದ್ದರು. ಭಾರತೀಯರ ಹಣ ಭಾರತೀಯರ ಸಂಸ್ಥೆಯಲ್ಲೇ ಇರಬೇಕೆಂಬ ಆಶಯ ಅವರದು. ಪಂಜಾಬಿನ ಮಂತ್ರಿಯೂ ಆಗಿದ್ದ ಅವರು ಕೊನೆಗೆ ದಿವಾಳಿಯಾಗಿ 1937ರಲ್ಲಿ ತೀರಿಕೊಂಡರು. ಅವರ ಮಗನೇ 1933ರಲ್ಲಿ ಇಸ್ಲಾಂ ಸ್ವೀಕರಿಸಿ ಖಾಲಿದ್ ಲತೀಫ್ ಗೌಬಾ ಎಂಬ ಹೆಸರಿನಿಂದ ಪ್ರಸಿದ್ಧರಾದ ವಕೀಲ ಹಾಗೂ ಲೇಖಕ. ಕಂಪನಿ ಮುಂದೆ ಉದ್ಯಮಿ ರಾಮಕೃಷ್ಣ ದಾಲ್ಮಿಯಾ ಅವರ ಹಿಡಿತಕ್ಕೆ ಬಂತು.

ವಿಮಾ ಹಣವೆಂದರೆ ಬಡವರು ಮತ್ತು ಮಧ್ಯಮ ವರ್ಗದವರು ತಮ್ಮ ಮಕ್ಕಳಿಗಾಗಿ ಕೂಡಿಟ್ಟ ಹಣ. ಅದು ಅಮಾನತ್. ದಾಲ್ಮಿಯಾ ಅವರು ಈ ಹಣವನ್ನು ಷೇರುಪೇಟೆಯ ಸಟ್ಟಾ ವ್ಯವಹಾರದ ನಷ್ಟ ತುಂಬಲು ಬಳಸಿದ್ದು 1955ರಲ್ಲಿ ಬಯಲಾಯಿತು. ಆ ವರ್ಷದ ಡಿಸೆಂಬರಿನಲ್ಲಿ ಸಂಸದ ಫಿರೋಜ್ ಗಾಂಧಿ ಲೋಕಸಭೆಯಲ್ಲಿ ಲೆಕ್ಕಪತ್ರಗಳ ಸಮೇತ ಮಾತನಾಡಿ ಸಭೆಯನ್ನು ಬೆಚ್ಚಿಬೀಳಿಸಿದರು. ದಾಲ್ಮಿಯಾ ಅವರಿಗೆ ಮುಂದೆ ಜೈಲುಶಿಕ್ಷೆಯಾಯಿತು. 1962ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅವರ ಅಪರಾಧವನ್ನು ಎತ್ತಿಹಿಡಿಯಿತು.

ಇಂತಹ ಹಗರಣಗಳು ರಾಷ್ಟ್ರೀಕರಣಕ್ಕೆ ಒಂದು ಮುಖ್ಯ ಕಾರಣವಾದವು. 1956ರ ಜನವರಿ 19ರಂದು ಸುಗ್ರೀವಾಜ್ಞೆ ಹೊರಟಿತು. 154 ಭಾರತೀಯ ಕಂಪನಿಗಳು, 16 ವಿದೇಶಿ ಕಂಪನಿಗಳು, 75 ಪ್ರಾವಿಡೆಂಟ್ ಸೊಸೈಟಿಗಳು, ಹೀಗೆ ಒಟ್ಟು 245 ಸಂಸ್ಥೆಗಳ ಜೀವವಿಮಾ ವ್ಯವಹಾರ ಸರ್ಕಾರದ ಕೈಗೆ ಬಂತು. ಸೆಪ್ಟೆಂಬರ್ 1ರಂದು ಭಾರತೀಯ ಜೀವವಿಮಾ ನಿಗಮ, ಅಂದರೆ ಎಲ್‌ಐಸಿ, ಜನ್ಮ ತಾಳಿತು. ಭಾರತ್ ಇನ್ಶೂರೆನ್ಸಿನ ಜೊತೆಗೆ ಸ್ಮಿತ್‌ನ ಹಳೆಯ ಮಳಿಗೆಯೂ ನಿಗಮದ ಆಸ್ತಿಯಾಯಿತು. ಲೋಕಸಭೆಯ ಒಂದು ಭಾಷಣಕ್ಕೂ ಮದರಾಸಿನ ಒಂದು ಅಂಗಡಿಗೂ ಹೀಗೆ ನಂಟು ಬೆಳೆಯಿತು.

1959ರಲ್ಲಿ ಅದೇ ರಸ್ತೆಯಲ್ಲಿ ನಿಗಮದ ಬಹು ಅಂತಸ್ತಿನ ಹೊಸ ಕಟ್ಟಡ ಉದ್ಘಾಟನೆಯಾಯಿತು. ಊರಿನಿಂದ ಮದರಾಸಿಗೆ ಹೋದವರು ಅದನ್ನು ಕತ್ತೆತ್ತಿ ನೋಡಿ ಬರುತ್ತಿದ್ದರು. ಹಳೆಯ ಕಟ್ಟಡ ಬಾಡಿಗೆದಾರರ ಪಾಲಾಗಿ ದುರಸ್ತಿಯಿಲ್ಲದೆ ಸೊರಗುತ್ತ ಬಂತು. ಗೋಡೆಯ ಬಿರುಕಿನಲ್ಲಿ ಗಿಡ ಬೆಳೆದರೆ ಮಾಲೀಕ ಬಾಡಿಗೆದಾರನತ್ತ ಕೈ ತೋರಿಸುವುದು, ಬಾಡಿಗೆದಾರ ಮಾಲೀಕನತ್ತ ಕೈ ತೋರಿಸುವುದು ಎಲ್ಲ ಊರುಗಳಲ್ಲೂ ಇದ್ದದ್ದೇ.

2006ರಲ್ಲಿ ಕಟ್ಟಡವನ್ನು ಒಡೆಯುವ ಕೆಲಸ ಶುರುವಾಯಿತು. ಪರಂಪರೆ ಸಂರಕ್ಷಣೆಯ ‘ಇಂಟ್ಯಾಕ್’ ಸಂಸ್ಥೆ ಮದರಾಸು ಹೈಕೋರ್ಟಿನ ಮೊರೆ ಹೋಗಿ ತಡೆಯಾಜ್ಞೆ ತಂದಿತು. ಶಿಥಿಲ ಕಟ್ಟಡ ಅಪಾಯಕಾರಿ ಎಂಬುದು ಮಾಲೀಕರ ವಾದ. ಇದು ಊರಿನ ನೆನಪು, ಒಮ್ಮೆ ಹೋದರೆ ಮತ್ತೆ ಬಾರದು ಎಂಬುದು ಅರ್ಜಿದಾರರ ವಾದ. ಎರಡೂ ವಾದಗಳಲ್ಲಿ ಹುರುಳಿತ್ತು. 2010ರಲ್ಲಿ ನ್ಯಾಯಾಲಯ ಕಟ್ಟಡವನ್ನು ಕೆಡವಬಾರದೆಂದು ತೀರ್ಪಿತ್ತಿತು. 2012ರಲ್ಲಿ ತಮಿಳುನಾಡು ವಿಧಾನಸಭೆ ಪರಂಪರೆ ಆಯೋಗದ ಕಾಯ್ದೆಯನ್ನೂ ಅಂಗೀಕರಿಸಿತು. ಹೋಲಿಕೆಗೆ ಹೇಳುವುದಾದರೆ, ಸ್ಮಿತ್‌ನ ವ್ಯಾಪಾರವನ್ನು ನುಂಗಿದ ಸ್ಪೆನ್ಸರ್‌ನ ಸ್ವಂತ ಮಳಿಗೆ 1983ರ ಬೆಂಕಿಯಲ್ಲಿ ನಾಶವಾಗಿ, ಆ ಜಾಗದಲ್ಲಿ ಸ್ಪೆನ್ಸರ್ ಪ್ಲಾಜಾ ಎದ್ದು ನಿಂತಿತು. ಸೋತವನ ಕಟ್ಟಡ ಉಳಿಯಿತು, ಗೆದ್ದವನದು ಹೋಯಿತು! ಆದರೆ ತೀರ್ಪು ಹಾರೆ, ಗುದ್ದಲಿಗಳನ್ನು ತಡೆಯಬಲ್ಲದೇ ಹೊರತು ಸೋರುವ ಮಾಡನ್ನು ತಾನಾಗಿ ದುರಸ್ತಿ ಮಾಡಲಾರದು.

ಈ ಕಥೆಯಿಂದ ನಾವು ಕಲಿಯಬೇಕಾದದ್ದೇನು? ಈ ಕಟ್ಟಡದಿಂದ ಅನತಿ ದೂರದಲ್ಲೇ ರಾಯಪೇಟೆಯಲ್ಲಿ ‘ನ್ಯೂ ಕಾಲೇಜ್’ ಇದೆ. ದಕ್ಷಿಣ ಭಾರತ ಮುಸ್ಲಿಂ ಶಿಕ್ಷಣ ಸಂಘ ಅದನ್ನು ಸ್ಥಾಪಿಸಿದ್ದು 1951ರಲ್ಲಿ. ವಿದ್ಯಾಸಂಸ್ಥೆಯ ಆಸ್ತಿ ಸಮುದಾಯದ ಮಕ್ಕಳ ಹೆಸರಿನಲ್ಲಿರುವ ಆಸ್ತಿ. ನಮ್ಮ ಊರುಗಳಲ್ಲೂ ಹಿರಿಯರು ವಕ್ಫ್ ಮಾಡಿ ಹೋದ ಅಂಗಡಿ ಕೋಣೆಗಳಿವೆ. ಅವುಗಳ ಬಾಡಿಗೆಯಿಂದ ಮದ್ರಸ ನಡೆದಿದೆ, ಬಡ ವಿದ್ಯಾರ್ಥಿಗಳ ಶುಲ್ಕ ಭರ್ತಿಯಾಗಿದೆ. ಆದರೆ ಆ ಕೋಣೆಯ ಮೂಲ ದಾನಪತ್ರ ಎಲ್ಲಿದೆ, ಬಾಡಿಗೆ ಕರಾರು ಯಾವಾಗ ನವೀಕರಣವಾಯಿತು ಎಂದು ಕೇಳಿದರೆ ಎಷ್ಟು ಜನ ಉತ್ತರಿಸಬಲ್ಲರು? 2025ರ ಜೂನ್‌ನಲ್ಲಿ ವಕ್ಫ್ ಆಸ್ತಿಗಳ ವಿವರ ದಾಖಲಿಸಲು ‘ಉಮೀದ್’ ಪೋರ್ಟಲ್ ಆರಂಭವಾದಾಗ ಹಳೆಯ ಕಾಗದಪತ್ರಗಳ ಬೆಲೆ ನಮಗೆಲ್ಲ ಮನವರಿಕೆಯಾಯಿತು.

ಆದ್ದರಿಂದ ವಿದ್ಯಾರ್ಥಿ ಮಿತ್ರರಲ್ಲಿ ಒಂದು ವಿನಂತಿ. ಈ ರಜೆಯಲ್ಲಿ ನಿಮ್ಮ ಊರಿನ ಒಂದು ಹಳೆಯ ಅಂಗಡಿಯನ್ನು ಆರಿಸಿಕೊಳ್ಳಿ. ಹಿರಿಯರನ್ನು ಕೇಳಿ, ನೋಂದಣಿ ಕಚೇರಿಯ ದಾಖಲೆ ಮತ್ತು ತೆರಿಗೆ ರಶೀದಿಗಳನ್ನು ನೋಡಿ, ಬಾಗಿಲ ಮೇಲಿನ ಇಸವಿಯನ್ನು ಓದಿ. ತಿಳಿದದ್ದನ್ನು ಬರೆದಿಡಿ, ಒಂದು ಪ್ರತಿಯನ್ನು ಜಮಾಅತ್ ಕಚೇರಿಗೂ ಕೊಡಿ. ಕಟ್ಟಡ ಕೈಯಿಂದ ಕೈಗೆ ಹೋಗಬಹುದು. ಅದರ ಲೆಕ್ಕ ಮಾತ್ರ ಕೈ ತಪ್ಪಬಾರದು. ಭಾರತ್ ಇನ್ಶೂರೆನ್ಸಿನಲ್ಲಿ ಮೊದಲು ಕುಸಿದದ್ದು ಗೋಡೆಯಲ್ಲ, ಅಮಾನತ್ ಎಂಬುದನ್ನು ನಾವು ಮರೆಯದಿರೋಣ.