ಸೂರು ಒಂದು, ಒಡೆಯರು ಹಲವರು

ಕೊಡಗಿನಲ್ಲಿ ನಾಲ್ಕು ದಿನ ಬಿಡದೆ ಮಳೆ ಹೊಡೆದರೆ ಅರಕಲಗೂಡು ತಾಲ್ಲೂಕಿನ ಕೊಣನೂರಿನವರ ಕಣ್ಣು ಹೊಳೆಯ ಕಡೆಗಿರುತ್ತದೆ. ಕೂಡಿಗೆಯಲ್ಲಿ ಹಾರಂಗಿಯನ್ನು ಸೇರಿಸಿಕೊಂಡ ಕಾವೇರಿ ಇಲ್ಲಿಗೆ ಬರುವಾಗ ತುಂಬಿಕೊಂಡೇ ಬರುತ್ತಾಳೆ. 2018 ಮತ್ತು 2019ರ ಆಗಸ್ಟ್‌ನಲ್ಲಿ ಈ ಸೀಮೆಯ ಹೊಳೆದಂಡೆಯ ಊರುಗಳು ಅದರ ಪೆಟ್ಟು ಕಂಡವು. 2019ರಲ್ಲಿ ಪೂರ್ತಿ ಕುಸಿದ ಮನೆಗೆ 5 ಲಕ್ಷ ರೂಪಾಯಿ, ನೀರು ನುಗ್ಗಿದ ಮನೆಗೆ ತುರ್ತಾಗಿ 10 ಸಾವಿರ ರೂಪಾಯಿ ಎಂದು ರಾಜ್ಯ ಸರ್ಕಾರ ಪರಿಹಾರ ಘೋಷಿಸಿತು. ಪರಿಹಾರವೆಂಬುದು ಸರ್ಕಾರ ಮನಸ್ಸು ಮಾಡಿ ಕೊಡುವಂಥದ್ದು, ವಿಮೆಯಾದರೆ ಕೇಳಿ ಪಡೆಯುವಂಥದ್ದು. ಮನೆಗಳ ವಿಮೆಯ ಚರಿತ್ರೆಯೆಲ್ಲ ಈ ವ್ಯತ್ಯಾಸದ ಸುತ್ತಲೇ ಇದೆ.

1666ರಲ್ಲಿ ಲಂಡನ್ ನಗರ ಬೆಂಕಿಗೆ ಆಹುತಿಯಾದ ಮೇಲೆ ಮನೆಗಳಿಗೆ ಅಗ್ನಿವಿಮೆಯ ವ್ಯಾಪಾರ ಆರಂಭವಾಯಿತು. 1696ರಲ್ಲಿ ಅಲ್ಲಿ ಹುಟ್ಟಿದ ಒಂದು ಸಂಸ್ಥೆಯ ಹೆಸರೇ ‘ಹ್ಯಾಂಡ್ ಇನ್ ಹ್ಯಾಂಡ್’. ಮನೆಯೊಡೆಯರೇ ಅದರ ಸದಸ್ಯರು. ಒಬ್ಬನ ಮನೆ ಸುಟ್ಟರೆ ಉಳಿದವರ ಹಣದಿಂದ ಭರ್ತಿ. ಭಾರತದಲ್ಲಿ 1850ರಲ್ಲಿ ಕಲ್ಕತ್ತೆಯಲ್ಲಿ ಆರಂಭವಾದ ಟ್ರೈಟನ್ ಕಂಪನಿಯನ್ನು ಸಾಮಾನ್ಯ ವಿಮೆಯ ಮೊದಲ ಹೆಜ್ಜೆ ಎನ್ನುತ್ತಾರೆ. ಮೈಸೂರು ಸಂಸ್ಥಾನದಲ್ಲಿ ಶೇಷಾದ್ರಿ ಅಯ್ಯರ್ ದಿವಾನರಾಗಿದ್ದ 1891ರಲ್ಲಿ ಸರ್ಕಾರಿ ನೌಕರರಿಗೆ ವಿಮಾ ಯೋಜನೆ ಬಂತು. ಅದು ಜೀವವಿಮೆ, ಮನೆಗೂ ಅದಕ್ಕೂ ನೇರ ಸಂಬಂಧವಿಲ್ಲ. ಆದರೆ ಕಂತನ್ನು ಸಂಬಳದಲ್ಲೇ ಮುರಿದುಕೊಂಡು, ಎಲ್ಲರನ್ನೂ ಒಂದೇ ನಿಧಿಗೆ ಸೇರಿಸುವ ರೂಢಿಗೆ ನಮ್ಮಲ್ಲಿ ಅದೇ ಹಳೆಯ ಮಾದರಿ.

ಕೊಣನೂರು ಸೀಮೆಗೆ ಇನ್ನೂ ಹತ್ತಿರದ ಉದಾಹರಣೆ ಬ್ಯಾರನ್. ಹೊಗೆಸೊಪ್ಪು ಹದ ಮಾಡುವಾಗ ಒಣಗಿದ ಎಲೆಯೊಂದು ಕಾದ ಕೊಳವೆಯ ಮೇಲೆ ಬಿದ್ದರೆ ಸಾಕು, ವರ್ಷದ ದುಡಿಮೆ ಮಾಡಿನ ಸಮೇತ ಉರಿದುಹೋಗುತ್ತದೆ. 1976ರಿಂದ ಕೆಲಸ ಮಾಡುತ್ತಿರುವ ತಂಬಾಕು ಮಂಡಳಿಯಲ್ಲಿ ಬೆಳೆಗಾರನೂ ನೋಂದಾಯಿತ, ಬ್ಯಾರನ್ನೂ ನೋಂದಾಯಿತ. ರಾಮನಾಥಪುರದ ಹರಾಜು ಮಾರುಕಟ್ಟೆಯಲ್ಲಿ ಎಲ್ಲರ ಲೆಕ್ಕವೂ ಸಿಗುತ್ತದೆ. ಆದ್ದರಿಂದಲೇ ಬೆಳೆಗಾರರ ವಂತಿಗೆಯಿಂದ ಕ್ಷೇಮ ಯೋಜನೆಯೊಂದನ್ನು ಕಟ್ಟಿ, ಬ್ಯಾರನ್ ಹಾಳಾದವರಿಗೆ ನೆರವು ಕೊಡುವುದು ಸಾಧ್ಯವಾಯಿತು. ಪಟ್ಟಿ ಇದ್ದಲ್ಲಿ ಗುಂಪು ವಿಮೆ ಸುಲಭ.

ನಗರದ ವಸತಿ ಸಮುಚ್ಚಯಗಳಲ್ಲಿಯೂ ಪಟ್ಟಿ ಇದೆ, ಸಂಘವೂ ಇದೆ. ಆದರೆ ಅಲ್ಲಿನ ತೊಡಕು ಬೇರೆ. ಮೂರನೆಯ ಅಂತಸ್ತಿನವನು ವಿಮೆ ಮಾಡಿಸಿದ್ದಾನೆ, ಎರಡನೆಯ ಅಂತಸ್ತಿನವನು ಮಾಡಿಸಿಲ್ಲ ಎಂದಿಟ್ಟುಕೊಳ್ಳಿ. ಕಟ್ಟಡ ಕುಸಿದರೆ ಮೇಲಿನವನು ಕೈಯಲ್ಲಿ ಹಣ ಹಿಡಿದು ಗಾಳಿಯಲ್ಲಿ ಮನೆ ಕಟ್ಟಲಾದೀತೆ? ಮೆಟ್ಟಿಲು, ಲಿಫ್ಟ್, ನೀರಿನ ತೊಟ್ಟಿ, ತಾರಸಿ ಯಾರೊಬ್ಬರ ಸ್ವತ್ತೂ ಅಲ್ಲ.

ಇದಕ್ಕೆ ಉತ್ತರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ, 1972ರಲ್ಲಿದೆ. ಘೋಷಣಾ ಪತ್ರ ಅಥವಾ ಉಪವಿಧಿ ಹೇಳಿದರೆ, ಬಹುಮತದ ಮಾಲೀಕರು ಬಯಸಿದರೆ, ಇಲ್ಲವೆ ಅಡಮಾನದ ಮೇಲೆ ಸಾಲ ಕೊಟ್ಟವರು ಕೋರಿದರೆ ಇಡೀ ಸ್ವತ್ತಿಗೆ ಬೆಂಕಿ ಮುಂತಾದ ಅಪಾಯಗಳ ವಿಮೆಯನ್ನು ಆಡಳಿತ ಮಂಡಳಿ ಮಾಡಿಸಬೇಕು. ಪಾಲಿಸಿ ಮಂಡಳಿಯ ಹೆಸರಿನಲ್ಲಿದ್ದರೂ ಅದು ಪ್ರತಿಯೊಬ್ಬ ಮಾಲೀಕನ ಪಾಲಿಗೂ ಧರ್ಮದರ್ಶಿ ಮಾತ್ರ. ಕಂತು ಸಾಮಾನ್ಯ ಖರ್ಚಿಗೆ ಸೇರುತ್ತದೆ. ತನ್ನ ಮನೆಗೆ ಪ್ರತ್ಯೇಕ ವಿಮೆ ಮಾಡಿಸುವ ಹಕ್ಕೂ ಮಾಲೀಕನಿಗೆ ಉಳಿಯುತ್ತದೆ. ಹಾನಿಯಾದ 60 ದಿನಗಳೊಳಗೆ ಮತ್ತೆ ಕಟ್ಟಲು ಸಂಘ ತೀರ್ಮಾನಿಸದಿದ್ದರೆ ಸ್ವತ್ತು ಎಲ್ಲರ ಜಂಟಿ ಆಸ್ತಿಯೆನಿಸಿ, ಯಾರು ಬೇಕಾದರೂ ಪಾಲಿಗೆ ದಾವೆ ಹೂಡಬಹುದು. ಆಗ ಮಾರಿದ ಹಣ, ವಿಮೆಯ ಹಣ ಎರಡನ್ನೂ ಒಟ್ಟುಗೂಡಿಸಿ ಅವರವರ ಪಾಲಿನಂತೆ ಹಂಚಬೇಕು. ಒಟ್ಟು ಕುಟುಂಬದ ಹಿಸ್ಸೆಯ ನೆನಪು ಬಾರದಿರದು! ಆದರೆ ‘ಬಯಸಿದರೆ’ ಎಂಬ ಒಂದು ಮಾತಿನಿಂದಾಗಿ ವಿಮೆ ಎಲ್ಲರಿಗೂ ಕಡ್ಡಾಯವಾಗಲಿಲ್ಲ. ಲಿಫ್ಟಿನ ದುರಸ್ತಿಗೇ ಜಗಳವಾಡುವ ಸಭೆಯಲ್ಲಿ, ಬಾರದ ಬೆಂಕಿಗೆ ಹಣ ಕೇಳುವುದು ಸುಲಭವಲ್ಲ.

ಸಾಮಾನ್ಯ ವಿಮೆ ರಾಷ್ಟ್ರೀಕರಣದ ಕಾಯ್ದೆ ಬಂದದ್ದೂ 1972ರಲ್ಲೇ. 1973ರ ಜನವರಿ 1ರಿಂದ 107 ಕಂಪನಿಗಳು ಸೇರಿ ನಾಲ್ಕಾದವು. ವಿಮೆ ಮನೆಮನೆಗೆ ಮುಟ್ಟಲು ಅಷ್ಟರಿಂದಲೂ ಆಗಲಿಲ್ಲ. ಅಗ್ನಿವಿಮೆಯಲ್ಲಿದ್ದ ‘ಸರಾಸರಿ’ ನಿಯಮ ಜನರನ್ನು ಕಂಗೆಡಿಸುತ್ತಿತ್ತು. 20 ಲಕ್ಷದ ಮನೆಗೆ 10 ಲಕ್ಷದ ವಿಮೆ ಮಾಡಿಸಿದ್ದವನಿಗೆ 4 ಲಕ್ಷ ನಷ್ಟವಾದರೆ ಸಿಗುತ್ತಿದ್ದದ್ದು 2 ಲಕ್ಷ ಮಾತ್ರ. ಉಳಿದರ್ಧಕ್ಕೆ ಅವನೇ ತನ್ನ ವಿಮೆದಾರ ಎಂಬ ತರ್ಕ. 2021ರ ಏಪ್ರಿಲ್ 1ರಿಂದ ಜಾರಿಗೆ ಬಂದ ‘ಭಾರತ್ ಗೃಹ ರಕ್ಷಾ’ ಪಾಲಿಸಿ ಈ ಕಡಿತವನ್ನು ಕೈಬಿಟ್ಟಿತು. ನೆರೆ, ಭೂಕುಸಿತ, ಭೂಕಂಪ ಎಲ್ಲವೂ ಇದರಲ್ಲಿ ಸೇರಿವೆ. ವಿಮೆಯಾಗುವುದು ಕಟ್ಟಡದ ನಿರ್ಮಾಣ ವೆಚ್ಚವೇ ಹೊರತು ನಿವೇಶನದ ಬೆಲೆಯಲ್ಲ. ಒಬ್ಬ ಮನೆಯೊಡೆಯನೂ ಇದನ್ನು ಕೊಳ್ಳಬಹುದು, ವಸತಿ ಸಂಘವೂ ಕೊಳ್ಳಬಹುದು.

ಕೊಣನೂರಿನ ಹೊಳೆಬದಿಯ ಬೀದಿಗೆ ಸಂಘವಿಲ್ಲ, ಘೋಷಣಾ ಪತ್ರವಿಲ್ಲ, ತಿಂಗಳ ನಿರ್ವಹಣಾ ಶುಲ್ಕವೂ ಇಲ್ಲ. ಅಲ್ಲಿನ ಬೆಳೆಗಾರನ ಬ್ಯಾರನ್ ಮಂಡಳಿಯ ಕಡತದಲ್ಲಿದೆ. ಅವನು ಮಲಗುವ ಮನೆ ಅಂಥ ಯಾವ ಪಟ್ಟಿಯಲ್ಲಿಯೂ ಇಲ್ಲ. ಅದಕ್ಕೆ ವಿಮೆ ಬೇಕೆಂದರೆ ಅವನೊಬ್ಬನೇ ಹೋಗಿ ಕೇಳಬೇಕು.