ತುಂಡಾದ ಚೈನು, ಹಂಚಿಹೋದ ಹೊಣೆ: ತುಂಗಭದ್ರಾ 19ನೇ ಗೇಟ್ ಪ್ರಕರಣದ ಒಂದು ಪರಿಶೀಲನೆ

2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆ ಬಳಿಯ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರೆಸ್ಟ್ ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿಹೋಯಿತು. ಸುಮಾರು 105 ಟಿಎಂಸಿ ಹಿಡಿಯುವ ಜಲಾಶಯ ಆಗ ತುಂಬಿತ್ತು. ಆ ಒಂದೇ ಕಿಂಡಿಯಿಂದ 35 ಸಾವಿರ ಕ್ಯೂಸೆಕ್‌ನಷ್ಟು ನೀರು ನುಗ್ಗಿತು. ಕಟ್ಟೆಯ ಮೇಲಿನ ಒತ್ತಡ ಇಳಿಸಲು ಉಳಿದ 32 ಗೇಟುಗಳನ್ನೂ ತೆರೆಯಬೇಕಾಯಿತು. ಏಳು ದಶಕಗಳಲ್ಲಿ ಇಂಥದ್ದು ಮೊದಲು.

ಮರುದಿನ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್, 13ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಸ್ಥಳಕ್ಕೆ ಬಂದರು. ನಿರ್ವಹಣೆಯ ಲೋಪಕ್ಕೆ ರಾಜ್ಯ ಸರ್ಕಾರವೇ ಹೊಣೆ ಎಂದಿತು ಬಿಜೆಪಿ. ಅಣೆಕಟ್ಟೆ ತುಂಗಭದ್ರಾ ಮಂಡಳಿಯ ಕೈಯಲ್ಲಿದೆ, ಮಂಡಳಿಯ ಅಧ್ಯಕ್ಷರನ್ನು ನೇಮಿಸುವುದು ಕೇಂದ್ರ ಎಂದಿತು ಆಡಳಿತ ಪಕ್ಷ. ಎರಡೂ ಮಾತಿನಲ್ಲಿ ಸತ್ಯದ ಪಾಲಿದೆ, ಅದಕ್ಕೇ ವಾದ ಮುಗಿಯಲಿಲ್ಲ. 1953ರಲ್ಲಿ ರಚನೆಯಾದ ಮಂಡಳಿಯಲ್ಲಿ ಕೇಂದ್ರದ ಜೊತೆಗೆ ಕರ್ನಾಟಕ, ಆಂಧ್ರ, ತೆಲಂಗಾಣಗಳೂ ಇವೆ. ಇಷ್ಟು ಜನರ ನಡುವೆ ಹಂಚಿದ ಹೊಣೆಯನ್ನು ಯಾರು ಬೇಕಾದರೂ ಪಕ್ಕದವರ ಕಡೆ ಸರಿಸಬಹುದು.

ಕೇಳಬೇಕಿದ್ದ ಪ್ರಶ್ನೆ ಬೇರೆಯದೇ ಇತ್ತು. ಚೈನು ಹಳತಾಗುತ್ತದೆ, ತುಕ್ಕು ಹಿಡಿಯುತ್ತದೆ, ಎಂದೋ ಒಂದು ದಿನ ತುಂಡಾಗುತ್ತದೆ. ಆಗ ಕಿಂಡಿಯನ್ನು ಮುಚ್ಚುವ ಎರಡನೆಯ ವ್ಯವಸ್ಥೆ ಯಾವುದು? ಈಚಿನ ಅಣೆಕಟ್ಟೆಗಳಲ್ಲಿ ಗೇಟಿನ ಮುಂದೆ ಸ್ಟಾಪ್‌ಲಾಗ್ ಇಳಿಸಲು ಕಂಬಗಳಲ್ಲಿ ಉದ್ದನೆಯ ತೋಡು ಬಿಟ್ಟಿರುತ್ತಾರೆ. ಗೇಟು ಕೆಟ್ಟರೆ ಉಕ್ಕಿನ ಹಲಗೆಗಳನ್ನು ಅದರೊಳಗೆ ಒಂದರ ಮೇಲೊಂದು ಇಳಿಸಿ ನೀರು ತಡೆಯಬಹುದು. ತುಂಗಭದ್ರೆಯ ವಿನ್ಯಾಸದಲ್ಲಿ ಇದಕ್ಕೆ ಅವಕಾಶವೇ ಇರಲಿಲ್ಲ. ನನ್ನ ದೃಷ್ಟಿಯಲ್ಲಿ ಈ ಪ್ರಕರಣದ ತಿರುಳು ಇದು. ಹಲವು ಸರ್ಕಾರಗಳು ಬಂದು ಹೋದರೂ ಆ ಕೊರತೆ ಹಾಗೇ ಉಳಿಯಿತು.

ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಉಕ್ಕಿನ ಐದು ಭಾಗಗಳನ್ನು ಹೊಸದಾಗಿ ತಯಾರಿಸಿ, ಹರಿಯುವ ನೀರಿಗೇ ಕ್ರೇನಿನಿಂದ ಇಳಿಸಲಾಯಿತು. ಆಗಸ್ಟ್ 17ಕ್ಕೆ ಕಿಂಡಿ ಮುಚ್ಚಿತು. ಜೀವ ಪಣಕ್ಕಿಟ್ಟು ಕಟ್ಟೆಯ ಮೇಲೆ ದುಡಿದ ಆ ಕಾರ್ಮಿಕರಿಗೆ ನಾಡು ಋಣಿ. ಆದರೆ ಆಪತ್ತಿನ ನಡುವೆ ಕಂಡುಕೊಂಡ ಈ ಉಪಾಯ, ಮೊದಲೇ ಇರಬೇಕಿದ್ದ ಭಾಗದ ಬದಲಿಗೆ ಬಂದದ್ದು.

ಕಡಲಾಚೆಯ ಒಂದು ದುರಂತವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. 2010ರ ಏಪ್ರಿಲ್ 20ರಂದು ಮೆಕ್ಸಿಕೊ ಕೊಲ್ಲಿಯಲ್ಲಿ ‘ಡೀಪ್‌ವಾಟರ್ ಹೊರೈಜನ್’ ತೈಲ ರಿಗ್ ಸ್ಫೋಟಿಸಿ 11 ಮಂದಿ ಸತ್ತರು. ಬಾವಿಯ ತಳದ ಸಿಮೆಂಟು ಅನಿಲವನ್ನು ತಡೆಯಲಿಲ್ಲ. ಒತ್ತಡ ಪರೀಕ್ಷೆಯ ಫಲಿತಾಂಶವನ್ನು ತಪ್ಪಾಗಿ ಅರ್ಥೈಸಿಕೊಂಡರು. ಕೊನೆಯ ರಕ್ಷಣೆಯಾಗಿ ಬಾವಿಯ ಬಾಯಿ ಮುಚ್ಚಬೇಕಿದ್ದ ಬ್ಲೋಔಟ್ ಪ್ರಿವೆಂಟರ್, ಕೊಳವೆ ಬಾಗಿದ್ದರಿಂದ ಅದನ್ನು ಪೂರ್ತಿ ಕತ್ತರಿಸಲಾಗದೆ ಸೋತಿತು. ತೈಲ ಇನ್ನೂ ಸಮುದ್ರ ಸೇರುತ್ತಿರುವಾಗಲೇ, ಮೇ ತಿಂಗಳ ಅಮೆರಿಕದ ಸೆನೆಟ್ ವಿಚಾರಣೆಯಲ್ಲಿ ಬಾವಿಯ ಒಡೆತನದ ಬಿಪಿ, ರಿಗ್ಗಿನ ಮಾಲೀಕ ಟ್ರಾನ್ಸ್‌ಓಷನ್, ಸಿಮೆಂಟು ಹಾಕಿದ ಹ್ಯಾಲಿಬರ್ಟನ್ ಒಬ್ಬರತ್ತ ಒಬ್ಬರು ಬೊಟ್ಟು ಮಾಡಿದರು. ಅಧ್ಯಕ್ಷ ಒಬಾಮ ಅದನ್ನು ಬಹಿರಂಗವಾಗಿ ಖಂಡಿಸಿದರು. ಹೊಸಪೇಟೆಯಲ್ಲಿ ಕಂಪನಿಗಳ ಜಾಗದಲ್ಲಿ ಸರ್ಕಾರಗಳಿದ್ದವು, ಅಷ್ಟೇ. ಒಂದು ವ್ಯತ್ಯಾಸವನ್ನು ಮರೆಯಬಾರದು: ಅಲ್ಲಿ ಎರಡನೆಯ ರಕ್ಷಣೆ ಇದ್ದೂ ಸೋತಿತು, ಇಲ್ಲಿ ಇರಲೇ ಇಲ್ಲ.

ತುಂಗಭದ್ರೆಯಲ್ಲಿ ಬೆಲೆ ತೆತ್ತವರು ರೈತರು. 33 ಗೇಟುಗಳನ್ನೂ ಬದಲಿಸಬೇಕೆಂದು ತಜ್ಞರು ಹೇಳಿದರು. ಹೀಗಾಗಿ 2025ರ ಮಳೆಗಾಲದಲ್ಲಿ ಸಂಗ್ರಹವನ್ನು ಸುಮಾರು 80 ಟಿಎಂಸಿಗೆ ಮಿತಗೊಳಿಸಲಾಯಿತು. ಗೇಟು ಬದಲಿಸುವ ಕೆಲಸಕ್ಕಾಗಿ ಎರಡನೇ ಬೆಳೆಗೆ ನೀರು ತಪ್ಪಿತು.

ಎರಡನೆಯ ರಕ್ಷಣೆ ಇರಲೇಬೇಕೆಂಬ ಈ ಪಾಠ ಘಟಪ್ರಭಾ ಹೊಳೆಗೂ ಸಲ್ಲುತ್ತದೆ. ಹುಕ್ಕೇರಿ ತಾಲ್ಲೂಕಿನ ಹಿಡಕಲ್‌ನಲ್ಲಿ 51 ಟಿಎಂಸಿಯ ರಾಜಾ ಲಖಮಗೌಡ ಜಲಾಶಯವಿದೆ. ಕೆಳಗೆ ಗೋಕಾಕ, ಮಸಗುಪ್ಪಿ, ಇನ್ನೂ ಅನೇಕ ಊರುಗಳು. 2019ರ ಆಗಸ್ಟ್‌ನಲ್ಲಿ ಗೋಕಾಕದ ಬೀದಿಗಳಿಗೆ ಹೊಳೆ ನುಗ್ಗಿದ್ದನ್ನು ಈ ಸೀಮೆ ಮರೆತಿಲ್ಲ. 2021ರ ಅಣೆಕಟ್ಟೆ ಸುರಕ್ಷತಾ ಕಾಯ್ದೆ ಮುಂಗಾರಿಗೆ ಮೊದಲು ಮತ್ತು ನಂತರ ತಪಾಸಣೆಯನ್ನು ಕಡ್ಡಾಯ ಮಾಡಿದೆ. ಆ ತಪಾಸಣಾ ವರದಿ ಕನ್ನಡದಲ್ಲಿ, ಯಾವ ಗೇಟಿನ ಯಾವ ಭಾಗ ಎಂದು ಬದಲಾಯಿತು, ಗೇಟು ಕೆಟ್ಟರೆ ಕಿಂಡಿ ಮುಚ್ಚುವ ಏರ್ಪಾಡು ಏನು ಎಂಬ ವಿವರದೊಂದಿಗೆ, ಪ್ರತಿ ಮೇ ತಿಂಗಳಲ್ಲಿ ಮಸಗುಪ್ಪಿಯಂಥ ಹೊಳೆದಂಡೆಯ ಗ್ರಾಮ ಪಂಚಾಯಿತಿಗಳ ಸಭೆಯ ಮುಂದೆ ಬರಬೇಕು.