ಪ್ರೋಗ್ರಾಮಿನೊಳಗೆ ಹುದುಗಿದ ಪ್ರಶ್ನೆ: ಎಂಬೆಡೆಡ್ ಎಸ್‌ಕ್ಯೂಎಲ್ ನಡೆದುಬಂದ ದಾರಿ

ಎಡ್ಗರ್ ಕಾಡ್ ಅವರ 1970ರ ಲೇಖನವನ್ನು ಡೇಟಾಬೇಸ್ ಓದಿದವರೆಲ್ಲ ಹೆಸರಿಸುತ್ತಾರೆ. ಮಾಹಿತಿಯನ್ನು ಸಂಬಂಧಗಳಾಗಿ, ಅಂದರೆ ಕೋಷ್ಟಕಗಳಾಗಿ ಕಾಣಬೇಕು ಎಂಬ ಅದರ ಮುಖ್ಯ ವಾದ ಇಂದು ಪಠ್ಯಪುಸ್ತಕಗಳ ಮೊದಲ ಅಧ್ಯಾಯವಾಗಿದೆ. ಆದರೆ ಅದೇ ಲೇಖನದ ಇನ್ನೊಂದು ಚಿಕ್ಕ ಭಾಗಕ್ಕೆ ಅಷ್ಟು ಗಮನ ಸಿಕ್ಕಿಲ್ಲ. ಮಾಹಿತಿಯನ್ನು ಕೇಳುವುದಕ್ಕೇ ಮೀಸಲಾದ ಕಿರುಭಾಷೆಯೊಂದು ಇರಲಿ, ಅದನ್ನು ಬೇರೆ ಬೇರೆ ಆತಿಥೇಯ ಭಾಷೆಗಳ ಒಳಗೆ ಹುದುಗಿಸಬಹುದು ಎಂದು ಕಾಡ್ ಅಲ್ಲಿ ಸೂಚಿಸಿದ್ದರು. ಕಿರುಭಾಷೆಯನ್ನು ಆರ್ ಎಂದೂ ಆತಿಥೇಯ ಭಾಷೆಯನ್ನು ಎಚ್ ಎಂದೂ ಕರೆದಿದ್ದರು.

ಈ ಎರಡು ಅಕ್ಷರಗಳ ನಡುವಿನ ಗಡಿಯೇ ಪ್ರಸ್ತುತ ಲೇಖನದ ವಿಷಯ. ಪ್ರೋಗ್ರಾಮಿನ ನಡುವೆ ಪ್ರಶ್ನೆಯನ್ನು ಬರೆಯುವ ಪದ್ಧತಿಯನ್ನು ಇತಿಹಾಸಕಾರರು ಸಾಮಾನ್ಯವಾಗಿ ಒಂದು ತಾತ್ಕಾಲಿಕ ಹೊಂದಾಣಿಕೆ ಎಂದು ಬದಿಗಿಡುತ್ತಾರೆ. ನನ್ನ ಅಭಿಪ್ರಾಯ ಬೇರೆ. ಡೇಟಾಬೇಸು ಪ್ರಶ್ನೆಯನ್ನು ಯಾವಾಗ ಅರ್ಥ ಮಾಡಿಕೊಳ್ಳಬೇಕು, ಪ್ರೋಗ್ರಾಂ ಸಿದ್ಧವಾಗುವಾಗಲೋ ಅದು ಓಡುವಾಗಲೋ ಎಂಬುದೇ ಈ ಚರಿತ್ರೆಯ ತಿರುಳು. ಇದಕ್ಕೆ 1970ರ ದಶಕದಲ್ಲೇ ಒಂದು ಗಟ್ಟಿ ಉತ್ತರ ಸಿಕ್ಕಿತ್ತು. ಮುಂದಿನ ಪೀಳಿಗೆ ಅದನ್ನು ಕೈಬಿಟ್ಟಿತು.

ಅದಕ್ಕೂ ಮೊದಲಿನ ಸ್ಥಿತಿಯನ್ನು ಚುಟುಕಾಗಿ ಹೇಳಬಹುದು. ಅಪೊಲೊ ಚಂದ್ರಯಾನ ಯೋಜನೆಗಾಗಿ ಹುಟ್ಟಿ 1968ರಲ್ಲಿ ಬಳಕೆಗೆ ಬಂದ ಐಬಿಎಂನ ಐಎಂಎಸ್ ವ್ಯವಸ್ಥೆಯಲ್ಲಿ ಕೋಬಾಲ್ ಪ್ರೋಗ್ರಾಂ ಒಂದು ಸಬ್‌ರುಟೀನನ್ನು ಕರೆಯುತ್ತಿತ್ತು. ಮುಂದಿನ ದಾಖಲೆ ಕೊಡು, ಈ ತಾಯಿದಾಖಲೆಯ ಕೆಳಗಿನದನ್ನು ಕೊಡು ಎಂದು ನಾಲ್ಕಕ್ಷರದ ಸಂಕೇತಗಳಲ್ಲಿ ಕೇಳುತ್ತಿತ್ತು. ಕೊಡಾಸಿಲ್ ಸಮಿತಿಯ 1971ರ ವರದಿ ಕೋಬಾಲ್‌ಗೇ ಹೊಸ ಕ್ರಿಯಾಪದಗಳನ್ನು ಸೇರಿಸುವ ಪ್ರಸ್ತಾವ ಮಾಡಿತು. ಎರಡರಲ್ಲೂ ದಾರಿ ಹುಡುಕುವ ಹೊಣೆ ಪ್ರೋಗ್ರಾಮರನದೇ. 1973ರ ಟ್ಯೂರಿಂಗ್ ಪ್ರಶಸ್ತಿ ಪಡೆದ ಚಾರ್ಲ್ಸ್ ಬ್ಯಾಕ್‌ಮನ್ ತಮ್ಮ ಉಪನ್ಯಾಸದಲ್ಲಿ ಪ್ರೋಗ್ರಾಮರನನ್ನು ನಾವಿಕ ಎಂದು ಕರೆದದ್ದು ಇದೇ ಅರ್ಥದಲ್ಲಿ.

1974ರಲ್ಲಿ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ ಸೀಕ್ವೆಲ್ ಭಾಷೆಯನ್ನು ವಿದ್ವಾಂಸರ ಮುಂದಿಟ್ಟರು. ಲೆಕ್ಕಿಗರು, ಎಂಜಿನಿಯರರು, ನಗರ ಯೋಜಕರು, ಹೀಗೆ ಪ್ರೋಗ್ರಾಮಿಂಗ್ ಕಲಿಯದವರೇ ಅವರ ಮನಸ್ಸಿನಲ್ಲಿದ್ದ ಬಳಕೆದಾರರು. ಅದೇ ವರ್ಷ ಬಾಯ್ಸ್ ತೀರಿಕೊಂಡರು. ಸ್ಯಾನ್ ಹೋಸೆಯ ಐಬಿಎಂ ಸಂಶೋಧನಾಲಯದಲ್ಲಿ ಸೀಕ್ವೆಲನ್ನು ಕಾರ್ಯರೂಪಕ್ಕೆ ತರುವ ಸಿಸ್ಟಂ ಆರ್ ಎಂಬ ಡೇಟಾಬೇಸ್ ಯೋಜನೆ ಮುಂದುವರಿದಂತೆ ಅಲ್ಲಿನ ತಂಡ ಒಂದು ನಿರ್ಧಾರಕ್ಕೆ ಬಂತು: ಪರದೆಯ ಮುಂದೆ ಕುಳಿತವರು ಕೇಳುವ ಪ್ರಶ್ನೆಗೂ ಪ್ರೋಗ್ರಾಂ ಕೇಳುವ ಪ್ರಶ್ನೆಗೂ ಭಾಷೆ ಒಂದೇ ಇರಬೇಕು. ಲೆಕ್ಕಿಗರಿಗೆಂದು ಕಟ್ಟಿದ ಭಾಷೆ ಹೀಗೆ ಪಿಎಲ್/ಐ ಮತ್ತು ಕೋಬಾಲ್ ಪ್ರೋಗ್ರಾಮುಗಳ ಒಳಗೆ ಬಂತು.

ಬಂದೊಡನೆ ಒಂದು ತೊಡಕು ಎದುರಾಯಿತು. ಸೀಕ್ವೆಲ್‌ನ ಉತ್ತರ ಒಂದು ಕೋಷ್ಟಕ. ಅದರಲ್ಲಿ ಸಾಲೇ ಇಲ್ಲದಿರಬಹುದು, ಲಕ್ಷ ಸಾಲುಗಳೂ ಇರಬಹುದು. ಕೋಬಾಲ್‌ಗಾದರೋ ಒಮ್ಮೆಗೆ ಒಂದು ದಾಖಲೆಯನ್ನು ಹಿಡಿದು ಕೆಲಸ ಮಾಡುವುದಷ್ಟೇ ಗೊತ್ತು. ಇದಕ್ಕೆ ಕಂಡುಕೊಂಡ ಉಪಾಯ ಕರ್ಸರ್. ಪ್ರಶ್ನೆಗೆ ಒಂದು ಹೆಸರು ಕೊಡುವುದು, ತೆರೆಯುವುದು, ಒಂದೊಂದೇ ಸಾಲನ್ನು ತರಿಸಿಕೊಳ್ಳುವುದು, ಮುಚ್ಚುವುದು. 1976ರ ಸೀಕ್ವೆಲ್ 2 ಲೇಖನದ ಹೊತ್ತಿಗೆ ಇದಕ್ಕೆ ರೂಪ ಬಂದಿತ್ತು. ಸಮೂಹವಾಗಿ ಯೋಚಿಸುವ ಭಾಷೆಗೂ ಒಂದೊಂದಾಗಿ ಯೋಚಿಸುವ ಭಾಷೆಗೂ ನಡುವಿನ ಈ ಒಪ್ಪಂದ ಐವತ್ತು ವರ್ಷಗಳಾದರೂ ಹೆಚ್ಚು ಬದಲಾಗಿಲ್ಲ.

ಕರ್ಸರ್‌ಗಿಂತ ಆಳವಾದದ್ದು ರೇಮಂಡ್ ಲೋರಿ ಅವರ ಕಾಣಿಕೆ. ಯೋಜನೆಯ ಮೊದಲ ಹಂತದಲ್ಲಿ ಪ್ರಶ್ನೆಯನ್ನು ಓಡುವಾಗಲೇ ಬಿಡಿಸಿ ನೋಡುವ ಇಂಟರ್‌ಪ್ರಿಟರ್ ಇತ್ತು. ಪ್ರಶ್ನೆ ಎಷ್ಟೇ ಸಂಕೀರ್ಣವಾಗಿರಲಿ, ಅದನ್ನು ಯಂತ್ರಭಾಷೆಯ ಕೆಲವೇ ಬಗೆಯ ತುಣುಕುಗಳಾಗಿ ಒಡೆಯಬಹುದು, ಆ ತುಣುಕುಗಳನ್ನು ಭಂಡಾರದಿಂದ ಆರಿಸಿ ಜೋಡಿಸಿದರೆ ಆ ಪ್ರಶ್ನೆಗೆಂದೇ ಹೊಲಿದ ರುಟೀನ್ ಸಿಗುತ್ತದೆ ಎಂದು ಲೋರಿ ತೋರಿಸಿಕೊಟ್ಟರು. ಅಲ್ಲಿಂದ ಸಿಸ್ಟಂ ಆರ್‌ನ ವಿನ್ಯಾಸವೇ ಬದಲಾಯಿತು. ಪ್ರೋಗ್ರಾಮರ್ ಡಾಲರ್ ಚಿಹ್ನೆ ಹಚ್ಚಿ ಬರೆದ ಪ್ರಶ್ನೆಗಳನ್ನು ಪ್ರಿಕಂಪೈಲರ್ ಹೆಕ್ಕುತ್ತಿತ್ತು. ಅವುಗಳ ಜಾಗದಲ್ಲಿ ಮಾಮೂಲಿ ಕರೆಗಳನ್ನಿಟ್ಟು ಪ್ರೋಗ್ರಾಮನ್ನು ಪಿಎಲ್/ಐ ಕಂಪೈಲರಿಗೆ ಕೊಡುತ್ತಿತ್ತು. ಹೆಕ್ಕಿದ ಪ್ರಶ್ನೆಗಳ ವ್ಯಾಕರಣ, ಕೋಷ್ಟಕ ಮತ್ತು ಅಂಕಣಗಳ ಹೆಸರು, ಕೇಳುವವರ ಹಕ್ಕು ಎಲ್ಲವನ್ನೂ ಆಗಲೇ ಪರಿಶೀಲಿಸಿ, ಯಾವ ಸೂಚಿಯ ಮೂಲಕ ಹೋದರೆ ಖರ್ಚು ಕಡಿಮೆ ಎಂದು ಲೆಕ್ಕ ಹಾಕಿ, ಯಂತ್ರಸಂಕೇತ ಹುಟ್ಟಿಸಿ, ಅದನ್ನು ಡೇಟಾಬೇಸಿನಲ್ಲೇ ಕಾಪಿಡಲಾಗುತ್ತಿತ್ತು. ಹೀಗೆ ಕಾಪಿಟ್ಟದ್ದಕ್ಕೆ ಆಕ್ಸೆಸ್ ಮಾಡ್ಯೂಲ್ ಎಂದು ಹೆಸರು. ದಾರಿ ಆರಿಸುವ ಈ ಲೆಕ್ಕವನ್ನು ವಿವರಿಸುವ, ಪೆಟ್ರೀಷಿಯಾ ಸೆಲಿಂಜರ್ ಮತ್ತು ಸಂಗಡಿಗರ 1979ರ ಲೇಖನ ಇಂದಿಗೂ ಆ ಕ್ಷೇತ್ರದ ತಳಹದಿ.

ಮೊದಲೇ ನಿರ್ಧರಿಸಿದ ದಾರಿ ನಾಳೆ ಇಲ್ಲವಾದರೆ ಏನು ಗತಿ? ಯಾರೋ ಒಂದು ಸೂಚಿಯನ್ನು ಅಳಿಸಿಬಿಟ್ಟರೆ? ಯಾವ ಮಾಡ್ಯೂಲ್ ಯಾವುದನ್ನು ನೆಚ್ಚಿದೆ ಎಂಬ ಲೆಕ್ಕವನ್ನು ಸಿಸ್ಟಂ ಆರ್ ಇಟ್ಟುಕೊಳ್ಳುತ್ತಿತ್ತು. ನೆಚ್ಚಿದ್ದು ಮಾಯವಾದರೆ ಮಾಡ್ಯೂಲ್ ಅಸಿಂಧುವಾಗುತ್ತಿತ್ತು, ಮುಂದಿನ ಬಾರಿ ಅದನ್ನು ಕರೆದಾಗ ಮೂಲ ಪ್ರಶ್ನೆಯಿಂದ ತಾನಾಗಿ ಮತ್ತೆ ಕಂಪೈಲ್ ಆಗುತ್ತಿತ್ತು. ಪ್ರೋಗ್ರಾಮರನಿಗೆ ಇದರ ಸುಳಿವೂ ಹತ್ತುತ್ತಿರಲಿಲ್ಲ. ಮುಂಚಿತ ನಿರ್ಧಾರದ ವೇಗ, ಮಾಹಿತಿಯ ಒಳರಚನೆ ಬದಲಾದರೂ ಪ್ರೋಗ್ರಾಂ ಕೆಡದಿರುವ ಸ್ವಾತಂತ್ರ್ಯ, ಎರಡೂ ಒಟ್ಟಿಗೆ ದೊರೆತವು. ಆ ಕಾಲದ ಡೇಟಾಬೇಸ್ ಎಂಜಿನಿಯರಿಂಗ್‌ನಲ್ಲಿ ನಾನು ಅತ್ಯಂತ ಗೌರವದಿಂದ ಕಾಣುವ ಸಾಧನೆ ಇದು.

ಅದೇ ಕಾಲಕ್ಕೆ ಬರ್ಕ್ಲಿಯ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಸ್ಟೋನ್‌ಬ್ರೇಕರ್ ಮತ್ತು ಯೂಜೀನ್ ವಾಂಗ್ ಅವರ ಇಂಗ್ರೆಸ್ ಬೇರೆ ದಾರಿ ಹಿಡಿದಿತ್ತು. ಅದರ ಭಾಷೆ ಕ್ವೆಲ್; ಸಿ ಭಾಷೆಯೊಳಗೆ ಹುದುಗಿದಾಗ ಈಕ್ವೆಲ್. ಸ್ಟೋನ್‌ಬ್ರೇಕರ್, ಜೆರಾಲ್ಡ್ ಹೆಲ್ಡ್ ಮತ್ತು ಎರಿಕ್ ಆಲ್ಮನ್ 1976ರಲ್ಲಿ ಅದನ್ನು ವಿವರಿಸಿದರು. ಈ ಆಲ್ಮನ್ ಮುಂದೆ ಇಮೇಲ್ ಸಾಗಿಸುವ ಸೆಂಡ್‌ಮೇಲ್ ಬರೆದು ಹೆಸರಾದವರು. ಈಕ್ವೆಲ್‌ನಲ್ಲಿ ಸಾಲಿನ ಮೊದಲಿಗೆ ಎರಡು ಹ್ಯಾಶ್ ಗುರುತು ಹಾಕಿದರೆ ಅದು ಡೇಟಾಬೇಸಿಗೆ ಸೇರಿದ ಸಾಲು. ಪ್ರಶ್ನೆಯ ಬೆನ್ನಿಗೇ ಒಂದು ಆವರಣ ಬರೆದರೆ ಉತ್ತರದ ಪ್ರತಿ ಸಾಲಿಗೂ ಆ ಆವರಣ ಒಮ್ಮೆ ಓಡುತ್ತಿತ್ತು. ಬರೆಯುವವರಿಗೆ ಇದು ಕರ್ಸರ್‌ಗಿಂತ ಸುಲಭ. ಆದರೆ ಪ್ರಶ್ನೆ ಮಾತ್ರ ಅಕ್ಷರಮಾಲೆಯಾಗಿಯೇ ಉಳಿದು, ಓಡುವಾಗ ಯುನಿಕ್ಸ್ ಪೈಪುಗಳ ಮೂಲಕ ಇಂಗ್ರೆಸ್ ಪ್ರಕ್ರಿಯೆಗಳನ್ನು ತಲುಪುತ್ತಿತ್ತು. ಅದರ ಅರ್ಥೈಕೆ ನಡೆಯುತ್ತಿದ್ದುದು ಅಲ್ಲಿ, ಆಗ. ಪಿಡಿಪಿ-11 ಯಂತ್ರದಲ್ಲಿ ಒಂದು ಪ್ರಕ್ರಿಯೆಗೆ ಸಿಗುತ್ತಿದ್ದ ಸ್ಮೃತಿಯ ವಿಳಾಸವ್ಯಾಪ್ತಿ 64 ಕಿಲೋಬೈಟ್ ಆಗಿದ್ದರಿಂದ ವ್ಯವಸ್ಥೆಯನ್ನು ಹಲವು ಪ್ರಕ್ರಿಯೆಗಳಾಗಿ ಒಡೆಯುವುದು ಅನಿವಾರ್ಯವಾಗಿತ್ತು.

ಪೇಟೆಗೆ ಬಂದಾಗ ಐಬಿಎಂ ಸಿಸ್ಟಂ ಆರ್‌ನ ದಾರಿಯನ್ನೇ ಹಿಡಿಯಿತು. ಸೀಕ್ವೆಲ್‌ನ ಹೆಸರು ಆ ಹೊತ್ತಿಗೆ ಎಸ್‌ಕ್ಯೂಎಲ್ ಎಂದಾಗಿತ್ತು. 1981ರಲ್ಲಿ ಎಸ್‌ಕ್ಯೂಎಲ್/ಡಿಎಸ್, 1983ರಲ್ಲಿ ಡಿಬಿ2 ಘೋಷಣೆಯಾದವು. ಡಾಲರ್ ಚಿಹ್ನೆ ಹೋಗಿ ಎಕ್ಸೆಕ್ ಎಸ್‌ಕ್ಯೂಎಲ್ ಎಂಬ ಎರಡು ಪದಗಳು ಬಂದವು. ಕೋಬಾಲ್‌ನಲ್ಲಿ ಕೊನೆಗೆ ಎಂಡ್-ಎಕ್ಸೆಕ್. ಪ್ರೋಗ್ರಾಮಿನ ಚರಗಳಿಗೆ ಮುಂದೆ ಕೋಲನ್, ಬೆಲೆ ಇಲ್ಲದ ಅಂಕಣವನ್ನು ಗುರುತಿಸಲು ಇಂಡಿಕೇಟರ್ ಚರ, ಪ್ರತಿ ಹೇಳಿಕೆಯ ಫಲಕ್ಕೆ ಎಸ್‌ಕ್ಯೂಎಲ್‌ಕೋಡ್: ಸೊನ್ನೆಯಾದರೆ ಸರಿ, 100 ಆದರೆ ಸಾಲು ಸಿಗಲಿಲ್ಲ, ಋಣಸಂಖ್ಯೆಯಾದರೆ ತಪ್ಪು. ಪ್ರಿಕಂಪೈಲರ್ ಹೆಕ್ಕಿದ ಪ್ರಶ್ನೆಗಳು ಡಿಬಿಆರ್‌ಎಂ ಎಂಬ ಕಡತಕ್ಕೆ ಹೋಗಿ ಬೈಂಡ್ ಆಗುತ್ತವೆ, ಅಂದರೆ ಅವುಗಳ ದಾರಿ ಮೊದಲೇ ನಿಶ್ಚಯವಾಗುತ್ತದೆ; ಉಳಿದ ಪ್ರೋಗ್ರಾಂ ಲೋಡ್ ಮಾಡ್ಯೂಲ್ ಆಗುತ್ತದೆ. ಒಂದೇ ಕಡತದಿಂದ ಹುಟ್ಟಿದ ಈ ಎರಡಕ್ಕೂ ಒಂದೇ ಕಾಲಮುದ್ರೆ ಬೀಳುತ್ತದೆ. ಒಂದನ್ನು ಮಾತ್ರ ಹೊಸದು ಮಾಡಿ ಇನ್ನೊಂದನ್ನು ಮರೆತರೆ ಓಡುವಾಗ ಮೈನಸ್ 818 ಎಂಬ ಸಂಕೇತ. ಹೊರದೇಶದ ಬ್ಯಾಂಕು, ವಿಮಾ ಕಂಪನಿಗಳ ಮೇನ್‌ಫ್ರೇಮ್ ಪ್ರೋಗ್ರಾಮುಗಳನ್ನು ಬೆಂಗಳೂರಿನಲ್ಲಿ ಕುಳಿತು ನೋಡಿಕೊಂಡ ಕೋಬಾಲ್-ಡಿಬಿ2 ಪೀಳಿಗೆಗೆ ಈ ಸಂಖ್ಯೆಯ ಪರಿಚಯ ಬೇಕಿಲ್ಲ.

ಪ್ರಮಾಣೀಕರಣದ ಕಥೆ ಚಿಕ್ಕದು. 1986ರ ಅಮೆರಿಕನ್ ಮಾನಕದ ಮುಖ್ಯಪಠ್ಯ ಪ್ರಶ್ನೆಗಳನ್ನು ಪ್ರತ್ಯೇಕ ಮಾಡ್ಯೂಲಿನಲ್ಲಿಡುವ ಶುದ್ಧ ಮಾರ್ಗವನ್ನು ಒಪ್ಪಿ, ಹುದುಗಿಸಿದ ರೂಪವನ್ನು ಅನುಬಂಧಕ್ಕೆ ತಳ್ಳಿತು. ಜನ ಬಳಸಿದ್ದು ಅನುಬಂಧವನ್ನೇ. 1989ರಲ್ಲಿ ಅದಕ್ಕೆ ಸ್ವತಂತ್ರ ಮಾನಕ ಬಂತು.

ತಿರುವು ಬಂದದ್ದು ವೈಯಕ್ತಿಕ ಕಂಪ್ಯೂಟರುಗಳಿಂದ. ಪ್ರತಿ ಡೇಟಾಬೇಸ್ ಕಂಪನಿಯ ಪ್ರಿಕಂಪೈಲರ್ ಬೇರೆ, ಬೈಂಡ್ ಮಾಡುವ ರೀತಿ ಬೇರೆ. ಪೆಟ್ಟಿಗೆಯಲ್ಲಿ ತುಂಬಿ ಮಾರುವ ಒಂದು ತಂತ್ರಾಂಶ ಗ್ರಾಹಕನ ಮನೆಯಲ್ಲಿ ಯಾವ ಡೇಟಾಬೇಸ್ ಇದ್ದರೂ ಕೆಲಸ ಮಾಡಬೇಕಾದರೆ ಮುಂಚಿತ ಬೈಂಡ್ ಅಡ್ಡಿಯೇ ಸರಿ. ಹೀಗಾಗಿ 1992ರಲ್ಲಿ ಮೈಕ್ರೋಸಾಫ್ಟ್‌ನ ಒಡಿಬಿಸಿ, 1995ರಲ್ಲಿ ಎಸ್‌ಕ್ಯೂಎಲ್/ಸಿಎಲ್‌ಐ ಮಾನಕ, 1997ರಲ್ಲಿ ಜಾವಾದ ಜೆಡಿಬಿಸಿ ಬಂದವು. ಮೂರರಲ್ಲೂ ಪ್ರಶ್ನೆ ಎಂದರೆ ಪ್ರೋಗ್ರಾಂ ಕಟ್ಟಿಕೊಡುವ ಒಂದು ಅಕ್ಷರಮಾಲೆ. ಕಂಪೈಲರಿಗೆ ಅದು ಬರೀ ಪಠ್ಯ. ಜಾವಾದಲ್ಲೂ ಹಳೆಯ ದಾರಿಯನ್ನು ಉಳಿಸಲು ಎಸ್‌ಕ್ಯೂಎಲ್‌ಜೆ ಎಂಬ ಪ್ರಯತ್ನ ನಡೆದು 1998ರಲ್ಲಿ ಮಾನಕವೂ ಆಯಿತು. ವ್ಯಾಪಕ ಬಳಕೆ ಅದಕ್ಕೆ ದಕ್ಕಲಿಲ್ಲ.

ಪ್ರಶ್ನೆಯನ್ನು ಬರೀ ಅಕ್ಷರಮಾಲೆಯಾಗಿಸಿದ್ದರ ಬೆಲೆ ಬೇಗ ಗೊತ್ತಾಯಿತು. 1998ರ ಡಿಸೆಂಬರಿನಲ್ಲಿ ಫ್ರಾಕ್ ಪತ್ರಿಕೆಯಲ್ಲಿ ಜೆಫ್ ಫಾರಿಸ್ಟಾಲ್ ಒಂದು ದೋಷವನ್ನು ವಿವರಿಸಿದರು. ಬಳಕೆದಾರ ತುಂಬಿದ ಮಾತನ್ನು ಪ್ರಶ್ನೆಯ ಪಠ್ಯಕ್ಕೆ ಅಂಟಿಸಿದರೆ ಆ ಮಾತೇ ಪ್ರಶ್ನೆಯ ಭಾಗವಾಗಿಬಿಡಬಲ್ಲದು. ಎಸ್‌ಕ್ಯೂಎಲ್ ಇಂಜೆಕ್ಷನ್ ಎಂದು ಇಂದು ಕರೆಯುವುದು ಇದನ್ನೇ. ಸಿಸ್ಟಂ ಆರ್ ಮಾದರಿಯ ಸ್ಥಿರ ಪ್ರಶ್ನೆಗೆ ಈ ಕುತ್ತು ತಟ್ಟುವುದಿಲ್ಲ. ಚರದ ಬೆಲೆ ಬರುವ ಹೊತ್ತಿಗೆ ಪ್ರಶ್ನೆಯ ಅರ್ಥ ಆಗಲೇ ಮುಗಿದ ಮಾತು. ಒಡಿಬಿಸಿಯಲ್ಲೂ ಬೆಲೆಗಳನ್ನು ಪ್ರತ್ಯೇಕವಾಗಿ ಕಳಿಸುವ ಅನುಕೂಲವಿದೆ ಎಂಬುದು ನಿಜ, ಆದರೆ ಅದನ್ನು ಬಳಸಬೇಕೆಂದು ಯಾರೂ ಬಲವಂತ ಮಾಡುವುದಿಲ್ಲ. ಬಳಕೆದಾರ ಷರತ್ತುಗಳನ್ನು ತಾನೇ ಆರಿಸುವ ಹುಡುಕಾಟದ ಪುಟಕ್ಕೆ ಸ್ಥಿರ ಪ್ರಶ್ನೆ ಸಾಲದು ಎಂಬುದೂ ನಿಜ. ಸಿಸ್ಟಂ ಆರ್ ತಂಡ ಇದನ್ನು ಕಂಡುಕೊಂಡೇ ಪ್ರಿಪೇರ್, ಎಕ್ಸಿಕ್ಯೂಟ್ ಎಂಬ ಹೇಳಿಕೆಗಳನ್ನು ಸೇರಿಸಿತ್ತು. ಅವರಿಗೆ ಅಪವಾದವಾಗಿದ್ದದ್ದು ಮುಂದೆ ನಿಯಮವಾಯಿತು.

ಗಡಿಯನ್ನೇ ಅಳಿಸುವ ಪ್ರಯತ್ನಗಳೂ ಇದ್ದವು. ಜರ್ಮನಿಯ ಯೋವಾಕಿಂ ಶ್ಮಿಟ್ 1977ರಲ್ಲಿ ವಿವರಿಸಿದ ಪ್ಯಾಸ್ಕಲ್/ಆರ್‌ನಲ್ಲಿ ಸಂಬಂಧವೇ ಭಾಷೆಯ ಒಂದು ಡೇಟಾ ಪ್ರಕಾರ. ಮೂವತ್ತು ವರ್ಷಗಳ ನಂತರ, 2007ರಲ್ಲಿ, ಸಿ ಶಾರ್ಪ್ ಭಾಷೆಯ ಲಿಂಕ್ ಸೌಲಭ್ಯ ಪ್ರಶ್ನೆಯನ್ನು ಮತ್ತೆ ಕಂಪೈಲರಿನ ಕಣ್ಣಿಗೆ ಬೀಳುವಂತೆ ಮಾಡಿತು.

ನಮ್ಮ ನೆಲದ ಎರಡು ಸಂಶೋಧನೆಗಳು ಈ ಚರಿತ್ರೆಗೆ ನೇರವಾಗಿ ಸೇರುತ್ತವೆ. ಮುಂಬಯಿಯ ಐಐಟಿಯಲ್ಲಿ ಎಸ್. ಸುದರ್ಶನ್ ಮತ್ತು ಸಂಗಡಿಗರು, ಪ್ರೋಗ್ರಾಮಿನ ಲೂಪುಗಳಲ್ಲಿ ಚದುರಿದ ಲೆಕ್ಕಾಚಾರವನ್ನು ವಿಶ್ಲೇಷಿಸಿ ಅದಕ್ಕೆ ಸಮನಾದ ಎಸ್‌ಕ್ಯೂಎಲ್ ಪಡೆಯುವ ವಿಧಾನವನ್ನು 2016ರಲ್ಲಿ ಪ್ರಕಟಿಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಯಂತ್ ಹರಿತ್ಸ ಅವರ ತಂಡದ ಅನ್‌ಮಾಸ್ಕ್ ಇನ್ನೂ ಕಷ್ಟದ ಸ್ಥಿತಿಯಿಂದ ಹೊರಡುತ್ತದೆ. ಮೂಲ ಸಂಕೇತ ಕೈಯಲ್ಲಿಲ್ಲ, ಓಡುವ ಪ್ರೋಗ್ರಾಂ ಮಾತ್ರ ಇದೆ. ಡೇಟಾಬೇಸಿನ ಬೆಲೆಗಳನ್ನು ಬೇಕೆಂದೇ ಬದಲಿಸುತ್ತಾ, ಪ್ರೋಗ್ರಾಮನ್ನು ಓಡಿಸುತ್ತಾ, ಬರುವ ಉತ್ತರದ ಏರುಪೇರಿನಿಂದ ಒಳಗೆ ಅಡಗಿದ ಪ್ರಶ್ನೆ ಏನೆಂದು ಊಹಿಸಿ ಸ್ಥಾಪಿಸುವುದು ಅದರ ಕ್ರಮ. ಡಿಬಿ2ನಲ್ಲಿ ಬೈಂಡ್ ಆದ ಪ್ಯಾಕೇಜಿನ ಪ್ರಶ್ನೆಯಾದರೆ ಇಷ್ಟೆಲ್ಲ ಬೇಕಾಗುತ್ತಿರಲಿಲ್ಲ. ಅದರ ಪಠ್ಯ ಸಿಸ್‌ಪ್ಯಾಕ್‌ಸ್ಟೇಟ್‌ಮೆಂಟ್ ಎಂಬ ಕ್ಯಾಟಲಾಗ್ ಕೋಷ್ಟಕದಲ್ಲಿ ದಾಖಲಾಗಿರುತ್ತದೆ, ಅಧಿಕಾರ ಉಳ್ಳವರು ಒಂದು ಸೆಲೆಕ್ಟ್ ಬರೆದು ಅದನ್ನು ಓದಬಹುದು.